ಕಂಪನಿ ವೆಬ್‌ಸೈಟಿನಲ್ಲಿ ಬರಹ ತಿದ್ದುವವರು ಪುಟದ ಜೋಡಣೆ ಕೆಡಿಸದಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಕಂಪನಿಯ ಸೈಟು ವರ್ಡ್‌ಪ್ರೆಸ್ ಅನ್ನುವ ಸೈಟು ಕಟ್ಟುವ ತಂತ್ರಾಂಶದಲ್ಲಿದೆ. ಐದಾರು ಜನ ಅದಕ್ಕೆ ಕೈ ಹಾಕುತ್ತಾರೆ. ರೇಟು, ಫೋಟೊ, ಬರಹ ಅವರೇ ಬದಲಾಯಿಸಲಿ, ಆದರೆ ಪುಟದ ಜೋಡಣೆ ಅಲುಗಬಾರದು. ಎಲ್ಲರಿಗೂ ‘ಎಡಿಟರ್’ ರೋಲ್, ಅಂದರೆ ಆ ಮಟ್ಟದ ಹಕ್ಕು, ಕೊಟ್ಟಿದ್ದೀರಿ, ಆದರೂ ವಾರಕ್ಕೊಮ್ಮೆ ಪುಟ ಕೆಡುತ್ತಿದೆ.

ಎಡಿಟರ್ ರೋಲ್ ಒಂದೇ ಸಾಲದು, ಅದಕ್ಕೇ ಕೆಡುತ್ತಿದೆ. ವರ್ಡ್‌ಪ್ರೆಸ್ಸಿನ ಐದು ರೋಲ್‌ಗಳು, ಅಂದರೆ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್, ಇವೆಲ್ಲ ಪತ್ರಿಕಾ ಕಚೇರಿಯ ಲೆಕ್ಕ. ಯಾರು ಬರೆಯುವುದು, ಯಾರು ತಿದ್ದುವುದು, ಯಾರು ಪ್ರಕಟಿಸುವುದು ಅಷ್ಟೇ. ಒಂದೇ ಪುಟದೊಳಗೆ ಬರಹ ಬೇರೆ, ಜೋಡಣೆ ಬೇರೆ ಅಂತ ಅವಕ್ಕೆ ಗೊತ್ತಿಲ್ಲ. ಎಡಿಟರ್ ಆದವರು ಯಾವ ಪೇಜನ್ನಾದರೂ ತಿದ್ದಬಹುದು, ಕಾಲಂ ಕಿತ್ತು ಹಾಕಬಹುದು, ಇಡೀ ಪೇಜನ್ನೇ ಅಳಿಸಬಹುದು. ಒಂದು ಮೆಟ್ಟಿಲು ಇಳಿಸಿ ಆಥರ್ ಮಾಡೋಣ ಅಂದರೆ ಆಥರ್‌ಗೆ ಪೇಜ್ ತಿದ್ದಲು ಆಗುವುದೇ ಇಲ್ಲ, ತನ್ನ ಪೋಸ್ಟ್, ಅಂದರೆ ಬ್ಲಾಗ್ ಬರಹ, ಮಾತ್ರ. ಹೆಡರ್, ಫೂಟರ್, ಮೆನು, ಟೆಂಪ್ಲೇಟ್ ಎಡಿಟರ್ ಕೈಗೆ ಸಿಗುವುದಿಲ್ಲ, ಅವು ಅಡ್ಮಿನ್‌ಗೆ ಮಾತ್ರ. ನಿಮ್ಮಲ್ಲಿ ಅವೂ ಕೆಡುತ್ತಿದ್ದರೆ ಯಾರ ಕೈಯಲ್ಲೋ ಅಡ್ಮಿನ್ ಪಾಸ್‌ವರ್ಡ್ ಇದೆ ಅಂತ ಲೆಕ್ಕ. ಮೊದಲು ಅದನ್ನು ನೋಡಿ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಸುತ್ತಮುತ್ತಲಿನ ಸಣ್ಣಪುಟ್ಟ ಕಂಪನಿಗಳ ಸೈಟು ನೋಡಿಕೊಳ್ಳುತ್ತೇನೆ. ಅದರಲ್ಲೊಂದು ಅಡಿಕೆ ಹಾಳೆಯ ತಟ್ಟೆ ಮಾಡುವವರದು. ಸೈಟು ಮೂರು ಭಾಷೆಯಲ್ಲಿ, ಕೈ ಹಾಕುವವರೂ ಮೂವರು. ಕನ್ನಡದ ಪುಟ ಮತ್ತು ರೇಟು ಲೆಕ್ಕ ಬರೆಯುವ ಅಕ್ಕನದು. ಮಲಯಾಳ ಕಾಞಂಗಾಡಿನ ಒಬ್ಬ ಹುಡುಗನದು. ಇಂಗ್ಲಿಷ್ ಧಣಿಗಳ ಮಗಳು ಬೆಂಗಳೂರಿನಿಂದ ನೋಡುತ್ತಾಳೆ. ಮೂವರಿಗೂ ಒಂದೇ ಲಾಗಿನ್, ಅದೂ ಅಡ್ಮಿನ್. ಪಾಸ್‌ವರ್ಡ್ ಹಳೆ ಕ್ಯಾಲೆಂಡರಿನ ಚೂರಿನ ಮೇಲೆ ಬರೆದು ಮಾನಿಟರಿಗೆ ಅಂಟಿಸಿತ್ತು.

ಒಂದು ದಿನ ಅಕ್ಕ ಎಕ್ಸೆಲ್‌ನಿಂದ ರೇಟು ಕಾಪಿ ಮಾಡಿ ಹಾಕುವಾಗ ನಡುವಿನ ಕಾಲಂ ಅಳಿಸಿಹೋಯಿತು. ಪಾಪ, ಹೋದದ್ದನ್ನು ಅವರೇ ಪಕ್ಕದಲ್ಲಿ ಹೇಗೋ ಬರೆದು ಸರಿ ಮಾಡಿದರು. ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಸರಿ. ಆದರೆ ಮೊಬೈಲಿನಲ್ಲಿ ಕಾಲಂಗಳು ಒಂದರ ಕೆಳಗೊಂದು ಬರುತ್ತವಲ್ಲ, ಅಲ್ಲಿ 4 ಇಂಚಿನ ಬಟ್ಟಲಿನ ರೇಟು 12 ಇಂಚಿನ ತಟ್ಟೆಯ ಫೋಟೊದ ಕೆಳಗೆ ಬಂದು ಕೂತಿತ್ತು. ಉಪನಯನಕ್ಕೆ 500 ತಟ್ಟೆ ಬೇಕು ಅಂತ ಒಬ್ಬರು ಸ್ಕ್ರೀನ್‌ಶಾಟ್ ಹಿಡಿದುಕೊಂಡೇ ಬಂದರು. ಧಣಿಗಳು ಮಾತಾಡದೆ ಬಟ್ಟಲಿನ ರೇಟಿಗೇ ಕೊಟ್ಟರು. ಆಮೇಲೆ ನನಗೆ ಫೋನು: “ಎಂತ ಮಾರಾಯ, ಯಾರು ಮಾಡಿದ್ದು ಇದು?” ರಿವಿಷನ್ ತೆಗೆದು ನೋಡಿದೆ. ಪುಟವನ್ನು ಯಾರು, ಯಾವಾಗ ಸೇವ್ ಮಾಡಿದ್ದು ಅಂತ ವರ್ಡ್‌ಪ್ರೆಸ್ ಒಂದೊಂದನ್ನೂ ಇಟ್ಟುಕೊಳ್ಳುತ್ತದೆ. 23 ರಿವಿಷನ್ ಇತ್ತು, ಎಲ್ಲದರ ಪಕ್ಕದಲ್ಲೂ ಒಂದೇ ಹೆಸರು: ಅಡ್ಮಿನ್. ಅಕ್ಕ ತಾನೇ ಹೇಳದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಒಬ್ಬೊಬ್ಬರಿಗೂ ಬೇರೆ ಲಾಗಿನ್. ಅಡ್ಮಿನ್ ಒಬ್ಬರೇ, ಜಾಸ್ತಿ ಅಂದರೆ ಇಬ್ಬರು. ಉಳಿದವರು ಎಡಿಟರ್ ಆಗಿಯೇ ಇರಲಿ, ತಪ್ಪಿಲ್ಲ. ಬೀಗ ಹಾಕಬೇಕಾದ್ದು ಪುಟದೊಳಗೆ.

ಆ ಬೀಗ ವರ್ಡ್‌ಪ್ರೆಸ್‌ನಲ್ಲೇ ಇದೆ, 2022ರ ಮೇ ತಿಂಗಳಲ್ಲಿ ಬಂದ 6.0 ಆವೃತ್ತಿಯಿಂದ. ಪುಟದ ಒಂದೊಂದು ತುಂಡಿಗೆ, ಪ್ಯಾರಾ, ಚಿತ್ರ, ಕಾಲಂ ಹೀಗೆ, ಬ್ಲಾಕ್ ಅನ್ನುತ್ತಾರೆ. ಬ್ಲಾಕ್ ಆರಿಸಿ, ಮೂರು ಚುಕ್ಕಿ ಒತ್ತಿ, ‘ಲಾಕ್’ ಅನ್ನಿ. ಜರುಗಿಸುವುದಕ್ಕೆ ಒಂದು ತಡೆ, ಅಳಿಸುವುದಕ್ಕೆ ಒಂದು ತಡೆ. ಕಾಲಂಗಳ ಹೊರಗಿನ ಬ್ಲಾಕಿಗೆ ಹಾಕುವಾಗ ಒಳಗಿನವಕ್ಕೂ ಅನ್ವಯಿಸು ಅನ್ನುವುದನ್ನೂ ಆನ್ ಮಾಡಿ. ಬರಹ ತಿದ್ದಲು ಆಗುತ್ತದೆ, ಕಾಲಂ ಮಾತ್ರ ಅಲ್ಲಾಡುವುದಿಲ್ಲ.

ಆದರೆ ಇಲ್ಲೊಂದು ತಮಾಷೆ ಇದೆ. ಬೀಗ ನೀವು ಹಾಕಿದರೂ ಕೀಲಿ ಎಲ್ಲರ ಹತ್ತಿರ ಇರುತ್ತದೆ. ಎಡಿಟರ್ ಅದೇ ಮೆನುವಿಗೆ ಹೋಗಿ ‘ಅನ್‌ಲಾಕ್’ ಒತ್ತಿದರೆ ಆಯಿತು. ನಮ್ಮ ಹುಡುಗ ಎರಡನೇ ದಿನವೇ ಕಂಡುಹಿಡಿದ. ಇದಕ್ಕೆ ಸ್ವಲ್ಪ ಕೋಡ್ ಬೇಕು. ‘ಕ್ಯಾನ್‌ಲಾಕ್‌ಬ್ಲಾಕ್ಸ್’ ಅಂತ ಒಂದು ಸೆಟ್ಟಿಂಗ್ ಇದೆ, ಅದು ಅಡ್ಮಿನ್‌ಗೆ ಮಾತ್ರ ಹೌದು ಅನ್ನುವ ಹಾಗೆ ಫಿಲ್ಟರ್, ಅಂದರೆ ಸೆಟ್ಟಿಂಗ್ ಬದಲಿಸುವ ಪುಟ್ಟ ಕೋಡ್, ಬರೆಯಬೇಕು. ಜೊತೆಗೆ ಪುಟದ ಕೋಡನ್ನೇ ತಿದ್ದಲು ಬಿಡುವ ‘ಕೋಡ್ ಎಡಿಟರ್’ ನೋಟವನ್ನೂ ಉಳಿದವರಿಗೆ ಮುಚ್ಚಬೇಕು, ಇಲ್ಲದಿದ್ದರೆ ಹಿತ್ತಿಲ ದಾರಿಯಿಂದ ಹೋಗಿ ಲಾಕಿನ ಸಾಲನ್ನೇ ಅಳಿಸಬಹುದು. ಸೈಟು ಮಾಡಿಕೊಟ್ಟವರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಥೀಮಿನ (ಸೈಟಿನ ವಿನ್ಯಾಸದ) ಫೈಲಿಗೆ ಬೇಡ, ಸಣ್ಣ ಪ್ಲಗಿನ್ (ಬೇರೆಯಾಗಿ ಸೇರಿಸುವ ತಂತ್ರಾಂಶ) ಆಗಿ ಹಾಕಲು ಹೇಳಿ. ಥೀಮ್ ಅಪ್‌ಡೇಟ್ ಆದರೆ ಕೋಡ್ ಹೋಗಿಬಿಡುತ್ತದೆ.

ಹುಡುಗ ಯಾಕೆ ಅನ್‌ಲಾಕ್ ಮಾಡಿದ್ದು ಅಂತ ಕೇಳಿದೆ. ಕನ್ನಡದಲ್ಲಿ ಒಂದೇ ಸಾಲಿಗೆ ಮುಗಿಯುವ ಮಾತು ಅವನ ಮಲಯಾಳ ಪುಟದಲ್ಲಿ ಎರಡು ಸಾಲಾಗುತ್ತಿತ್ತು. ಮೂರು ಕಾರ್ಡುಗಳ ಬಟನ್ ಸಮ ಬರುತ್ತಿರಲಿಲ್ಲ. ಅದಕ್ಕೆ ಅವನು ಉಳಿದ ಎರಡರಲ್ಲಿ ಎಂಟರ್ ಒತ್ತಿ ಒತ್ತಿ ಖಾಲಿ ಪ್ಯಾರಾ ತುಂಬಿಸುತ್ತಿದ್ದ. ಅವನ ದೊಡ್ಡ ಸ್ಕ್ರೀನಿನಲ್ಲಿ ಚಂದ, ಮೊಬೈಲಿನಲ್ಲಿ ಅಂಗೈ ಅಗಲದ ಬಯಲು. ತಪ್ಪು ಅವನದಲ್ಲ, ನನ್ನದು. ಕಾರ್ಡಿನ ಎತ್ತರ ಕನ್ನಡಕ್ಕೆ ಅಳೆದು ಮಾಡಿದ್ದೆ. ಅದನ್ನು ಸರಿ ಮಾಡಿದ ಮೇಲೆ ಅವನು ಲಾಕಿನ ತಂಟೆಗೆ ಬರಲಿಲ್ಲ.

ಆಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ, ಅತಿಯಾಗಿ ಬೀಗ ಜಡಿದೆ. 6.1ರಲ್ಲಿ ‘ಕಂಟೆಂಟ್ ಓನ್ಲಿ’ ಅಂತ ಬಂತು. ಬ್ಲಾಕುಗಳ ಒಂದು ಗುಂಪಿಗೆ ಅದನ್ನು ಹಾಕಿದರೆ ಒಳಗಿನ ಅಕ್ಷರ, ಚಿತ್ರ ಮಾತ್ರ ಬದಲಾಯಿಸಬಹುದು, ಹೊಸ ಬ್ಲಾಕ್ ಸೇರಿಸಲು ಆಗುವುದಿಲ್ಲ. ಖುಷಿಯಾಗಿ ಇಡೀ ಪುಟಕ್ಕೆ ಹಾಕಿದೆ. ಮಳೆ ಶುರುವಾಯಿತು. ಮಳೆಗಾಲದಲ್ಲಿ ಹಾಳೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹಾಗಾಗಿ ಆರ್ಡರ್ ತಡ ಅಂತ ಒಂದು ಸೂಚನೆ ಹಾಕಬೇಕಿತ್ತು. ಅಕ್ಕನಿಗೆ ಸೂಚನೆ ಬರೆಯಲು ಪುಟದಲ್ಲಿ ಜಾಗವೇ ಇಲ್ಲ. ನಾನು ಊರಲ್ಲಿರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ “ಮಳೆ ಕಾರಣ ಆರ್ಡರ್ 10 ದಿನ ತಡವಾಗುತ್ತದೆ” ಅಂತ ಬರೆದು, ಮೊಬೈಲಿನಲ್ಲಿ ಫೋಟೊ ಹೊಡೆದು, 12 ಇಂಚಿನ ತಟ್ಟೆಯ ಚಿತ್ರದ ಜಾಗಕ್ಕೆ ಏರಿಸಿದರು. ಚಿತ್ರ ಬದಲಾಯಿಸಲು ಬಿಟ್ಟಿದ್ದೆನಲ್ಲ! ನಾಲ್ಕು ದಿನ ಆ ಕೈಬರಹವೇ ತಟ್ಟೆಯಾಗಿ ಕೂತಿತ್ತು. ನೋಡಿ ನಗು ಬಂತು, ನಾಚಿಕೆಯೂ ಆಯಿತು.

ಈಗ ಹೀಗಿದೆ: ಮೇಲ್ಗಡೆ ಸೂಚನೆಗೆ ಅಂತ ಒಂದು ಗುಂಪು, ಅದಕ್ಕೆ ಬೀಗ ಇಲ್ಲ, ಯಾರು ಏನು ಬೇಕಾದರೂ ಬರೆಯಲಿ. ರೇಟಿನ ಪಟ್ಟಿಗೆ ಸಾಲು ಸೇರಿಸಲು ಬಿಟ್ಟಿದ್ದೇನೆ. ತಟ್ಟೆಯ ಕಾರ್ಡುಗಳಿಗೆ ಮಾತ್ರ ಬಿಗಿ. ಅವನ್ನು 6.6ರಲ್ಲಿ ಬಂದ ವಿಧಾನದಲ್ಲಿ ಮಾಡಿದ್ದೇನೆ: ಸಿಂಕ್ ಆಗುವ ಒಂದೇ ಪ್ಯಾಟರ್ನ್, ಅಂದರೆ ಎಲ್ಲ ಪುಟಕ್ಕೂ ಒಂದೇ ಅಚ್ಚು, ಅದರೊಳಗೆ ತಲೆಬರಹ, ಬರಹ, ಚಿತ್ರ, ಬಟನ್ ಮಾತ್ರ ಪುಟಪುಟಕ್ಕೆ ಬೇರೆ. ವಿನ್ಯಾಸ ಒಂದು ಕಡೆ ಬದಲಾಯಿಸಿದರೆ ಮೂರು ಭಾಷೆಯಲ್ಲೂ ಬದಲಾಗುತ್ತದೆ. ಎಡಿಟರ್‌ಗೆ ಮೂಲ ಪ್ಯಾಟರ್ನನ್ನು ತೆರೆದು ತಿದ್ದುವ ಹಕ್ಕು ಇದ್ದೇ ಇರುತ್ತದೆ, ಅದನ್ನು ಮರೆಯಬೇಡಿ. ನಾನು ಮೂವರಿಗೂ ತೋರಿಸಿ “ಇದನ್ನು ಮುಟ್ಟಬೇಡಿ” ಅಂದಿದ್ದೇನೆ. ಮೂರೇ ಜನ ಆದ್ದರಿಂದ ನಡೆಯುತ್ತದೆ.

ಹೊರಗಿನಿಂದ ಅಂಟಿಸುವಾಗ ಕಂಟ್ರೋಲ್-ಶಿಫ್ಟ್-ವಿ ಒತ್ತಲು ಎಲ್ಲರಿಗೂ ಕಲಿಸಿ. ವರ್ಡ್‌ನ ಬಣ್ಣ, ದಪ್ಪ ಎಲ್ಲ ಸುಮ್ನೆ ಹಿಂದೆ ಬರುವುದು ನಿಲ್ಲುತ್ತದೆ. ಹಳೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲಿನಿಂದ ತಂದರೆ ಮಾತ್ರ ಇದೂ ಸಾಲದು, ಮೊದಲು ಯೂನಿಕೋಡಿಗೆ ಬದಲಾಯಿಸಬೇಕು.

ಯಾರಾದರೂ ಕೆಲಸ ಬಿಟ್ಟರೆ ಅವರ ಖಾತೆ ಅಳಿಸಲು ಅವಸರ ಬೇಡ. ಅಳಿಸುವಾಗ ಅವರು ಬರೆದದ್ದನ್ನೂ ಅಳಿಸಬೇಕೋ, ಬೇರೆಯವರ ಹೆಸರಿಗೆ ಕೊಡಬೇಕೋ ಅಂತ ಕೇಳುತ್ತದೆ. ಅಲ್ಲಿ ತಪ್ಪಿದರೆ ಪುಟಗಳೇ ಹೋಗುತ್ತವೆ. ಪಾಸ್‌ವರ್ಡ್ ಬದಲಾಯಿಸಿ, ರೋಲ್ ತೆಗೆದುಹಾಕಿ. ನಮ್ಮ ಕಾಞಂಗಾಡಿನ ಹುಡುಗ ಗಲ್ಫಿಗೆ ಹೋದಾಗ ಹಾಗೇ ಮಾಡಿದೆವು.

ನಿಮ್ಮ ಸೈಟು ಎಲಿಮೆಂಟರ್ ಅನ್ನುವ ಪುಟ ಕಟ್ಟುವ ಪ್ಲಗಿನ್‌ನಲ್ಲಿ ಕಟ್ಟಿದ್ದಾದರೆ ಮೇಲಿನ ಬ್ಲಾಕ್ ಲಾಕ್ ಕತೆ ಯಾವುದೂ ಅನ್ವಯಿಸುವುದಿಲ್ಲ. ಅದರಲ್ಲಿ ‘ರೋಲ್ ಮ್ಯಾನೇಜರ್’ ಅಂತ ಬೇರೆಯೇ ಇದೆ. ಬರಹ ಮಾತ್ರ ತಿದ್ದಲು ಬಿಡುವ ಆಯ್ಕೆ ಪ್ರೊ ಆವೃತ್ತಿಯಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕು. ಯಾವುದರಲ್ಲಿ ಕಟ್ಟಿದ್ದು ಅಂತ ತಿಳಿಸಿ, ವರ್ಡ್‌ಪ್ರೆಸ್ಸಿನದೇ ಬ್ಲಾಕ್ ಎಡಿಟರ್ ಆದರೆ ಆ ಫಿಲ್ಟರಿನ ನಾಲ್ಕು ಸಾಲು ಕಳಿಸುತ್ತೇನೆ.