ಒಂದೇ ಜೋಡಿ ಸ್ಪೀಕರಿಗೆ ಟ್ಯೂಬ್ ಆಂಪ್, ಟ್ರಾನ್ಸಿಸ್ಟರ್ ಆಂಪ್ ಎರಡನ್ನೂ ಜೋಡಿಸುವುದು ಹೇಗೆ?

ಸ್ಪೀಕರ್ ಒಂದೇ ಜೋಡಿ, ಆಂಪ್ಲಿಫೈಯರ್ ಎರಡು: ಒಂದು ಟ್ಯೂಬಿನದು, ಇನ್ನೊಂದು ಟ್ರಾನ್ಸಿಸ್ಟರಿನದು. ಎರಡರ ವೈರನ್ನೂ ಸ್ಪೀಕರಿಗೆ ಸೇರಿಸಿಟ್ಟು ಬೇಕಾದ್ದನ್ನು ಮಾತ್ರ ಆನ್ ಮಾಡಿಕೊಂಡರೆ ಆಗದೇ, ಇಲ್ಲವೇ ಸೆಲೆಕ್ಟರ್ ಡಬ್ಬಿ ತಂದು ಹಾಕಬೇಕೇ ಎಂದು ಕೇಳಿದ್ದೀರಿ. ಮೊದಲನೆಯದು ಬೇಡವೇ ಬೇಡ. ಎರಡನೆಯದು ಆಗುತ್ತದೆ, ಆದರೆ ಸಿಕ್ಕ ಸಿಕ್ಕ ಡಬ್ಬಿಯಲ್ಲಿ ಆಗುವುದಿಲ್ಲ.

ಈ ಎರಡು ಬಗೆಯ ಆಂಪ್‌ಗಳಿಗೆ ಅಪಾಯ ಬರುವ ದಿಕ್ಕೇ ಬೇರೆ. ಟ್ರಾನ್ಸಿಸ್ಟರ್ ಆಂಪ್‌ಗೆ ಸ್ಪೀಕರ್ ಕಳಚಿ ಬಿದ್ದರೆ ಏನೂ ಆಗದು, ಔಟ್‌ಪುಟ್ ಷಾರ್ಟ್ ಆದರೆ ಕ್ಷಣದಲ್ಲಿ ಟ್ರಾನ್ಸಿಸ್ಟರ್ ಸುಡಬಹುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಟ್ಯೂಬ್ ಆಂಪ್ ಸ್ವಲ್ಪ ಹೊತ್ತಿನ ಷಾರ್ಟನ್ನು ತಡೆದುಕೊಳ್ಳುತ್ತದೆ, ಲೋಡ್ (ಅಂದರೆ ಸ್ಪೀಕರ್) ಇಲ್ಲದೆ ಹಾಡಿಸಿದರೆ ಮಾತ್ರ ಕೆಡುತ್ತದೆ. ಟ್ಯೂಬಿನ ಪ್ಲೇಟಿಗೆ (ಸಿಗ್ನಲ್ ಹೊರಬರುವ ತುದಿಗೆ) ನಿಮ್ಮ 8 ಓಮ್ ಸ್ಪೀಕರ್ ಟ್ರಾನ್ಸ್‌ಫಾರ್ಮರ್ ಮೂಲಕ ಕೆಲವು ಸಾವಿರ ಓಮ್ ಆಗಿ ಕಾಣುತ್ತಿರುತ್ತದೆ. ಸ್ಪೀಕರ್ ತೆಗೆದ ಕೂಡಲೇ ಆ ಲೋಡ್ ಇಲ್ಲವಾಗಿ, ಕರೆಂಟಿನ ಸಣ್ಣ ಏರಿಳಿತಕ್ಕೂ ಪ್ರೈಮರಿಯ (ಟ್ರಾನ್ಸ್‌ಫಾರ್ಮರಿನಲ್ಲಿ ಟ್ಯೂಬ್ ಕಡೆಯ ಸುರುಳಿಯ) ವೋಲ್ಟೇಜ್ ಸಾವಿರ ದಾಟಿ ಜಿಗಿಯಬಹುದು. ಇನ್ಸುಲೇಷನ್ ಎಲ್ಲಿ ತೆಳುವೋ ಅಲ್ಲಿ ಕಿಡಿ ಹಾರುತ್ತದೆ: ಟ್ರಾನ್ಸ್‌ಫಾರ್ಮರ್ ಸುರುಳಿಯ ಪದರಗಳ ನಡುವೆ, ಇಲ್ಲವೇ ಟ್ಯೂಬಿನ ಸಾಕೆಟ್ಟಿನಲ್ಲಿ. ಇಎಲ್34 ಎಂಬ ಔಟ್‌ಪುಟ್ ಟ್ಯೂಬಿನಲ್ಲಿ 3ನೇ ಪಿನ್ ಪ್ಲೇಟ್, ಪಕ್ಕದ 2ನೆಯದು ಹೀಟರ್. ಇವುಗಳ ನಡುವೆ ಸಾಕೆಟ್ ಮೇಲೆ ಕರಕಲು ಗೆರೆ ಕಂಡರೆ ಬಹುಮಟ್ಟಿಗೆ ಇದೇ ಕಾರಣ. ಇಎಲ್84, 6ಎಲ್6, ಕೆಟಿ88 ಇವೆಲ್ಲವೂ ಇದೇ ಸಾಲಿನವು. 300ಬಿಯಂಥ ಟ್ರಯೋಡ್‌ಗಳಲ್ಲಿ ಅಪಾಯ ಕಡಿಮೆ, ಆದರೂ ಪರೀಕ್ಷಿಸಿ ನೋಡುವ ವಿಷಯ ಅಲ್ಲ. ವಾಲ್ಯೂಮ್ ಸೊನ್ನೆಗೆ ಇಳಿಸಿದ್ದೇನಲ್ಲ ಎಂಬ ಭರವಸೆಯೂ ಪೂರ್ತಿ ಸಾಲದು. ಫೀಡ್‌ಬ್ಯಾಕ್ ಇರುವ ಕೆಲವು ಆಂಪ್‌ಗಳು ಲೋಡ್ ಇಲ್ಲದಾಗ ತಾವಾಗಿಯೇ ಆಸಿಲೇಟ್ ಆಗುತ್ತವೆ, ಅಂದರೆ ಇನ್‌ಪುಟ್ ಇಲ್ಲದೆಯೂ ಸಿಗ್ನಲ್ ಹುಟ್ಟಿಸುತ್ತವೆ.

ಎರಡನ್ನೂ ಒಟ್ಟಿಗೆ ಸೇರಿಸಿಟ್ಟರೆ ಏನಾಗುತ್ತದೆ? ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಎಸಿ ಸಿಗ್ನಲ್‌ಗೆ ಅದರ ಒಳತಡೆ) ಸಾಮಾನ್ಯವಾಗಿ 0.1 ಓಮಿಗಿಂತ ಕಡಿಮೆ. ಎರಡೂ ಆನ್ ಇದ್ದರೆ ಟ್ಯೂಬ್ ಆಂಪ್‌ಗೆ ಅದು ಷಾರ್ಟ್ ಇದ್ದ ಹಾಗೆ. ಒಂದನ್ನು ಆಫ್ ಮಾಡಿದರೂ ತೊಂದರೆ ತಪ್ಪದು. ಟ್ಯೂಬ್ ಆಂಪ್ ಆಫ್ ಆಗಿದ್ದಾಗ ಅದರ ಸೆಕೆಂಡರಿ (ಸ್ಪೀಕರ್ ಕಡೆಯ) ಸುರುಳಿಯ ಡಿಸಿ ರೆಸಿಸ್ಟೆನ್ಸ್ 1 ಓಮ್ ಕೂಡ ಇರುವುದಿಲ್ಲ. ಹಾಗಾಗಿ ತೀರಾ ತಗ್ಗಿನ ಸ್ವರಗಳಲ್ಲಿ ಟ್ರಾನ್ಸಿಸ್ಟರ್ ಆಂಪ್ ಭಾರೀ ಲೋಡ್ ಎಳೆಯಬೇಕಾಗುತ್ತದೆ, ಅದರ ಡಿಸಿ ಆಫ್‌ಸೆಟ್ಟಿನ (ಔಟ್‌ಪುಟ್‌ನಲ್ಲಿ ಉಳಿಯುವ ಸಣ್ಣ ಡಿಸಿ ವೋಲ್ಟೇಜಿನ) ಕರೆಂಟೂ ಆ ಸುರುಳಿಯಲ್ಲೇ ಹರಿಯುತ್ತದೆ. ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. ಟ್ರಾನ್ಸ್‌ಫಾರ್ಮರ್ ಹಿಂದುಮುಂದಾಗಿ ಕೆಲಸ ಮಾಡುತ್ತದೆ. 5,000 ಓಮಿಗೆ 8 ಓಮ್ ಎಂದರೆ ಸುತ್ತುಗಳ ಅನುಪಾತ ಅದರ ವರ್ಗಮೂಲ, ಅಂದರೆ 25ಕ್ಕೆ 1. ಟ್ರಾನ್ಸಿಸ್ಟರ್ ಆಂಪ್ 20 ವೋಲ್ಟ್ ಕೊಟ್ಟರೆ, ಆಫ್ ಆಗಿರುವ ಟ್ಯೂಬ್ ಆಂಪ್‌ನ ಪ್ಲೇಟ್‌ಗಳಲ್ಲಿ 500 ವೋಲ್ಟ್. ಆಫ್ ಇದೆಯಲ್ಲ ಎಂದು ಯಾರಾದರೂ ಒಳಗೆ ಕೈ ಹಾಕಿದರೆ ಜೀವಕ್ಕೇ ಕುತ್ತು. ಉಲ್ಟಾ ಆದಾಗ, ಅಂದರೆ ಟ್ರಾನ್ಸಿಸ್ಟರ್ ಆಂಪ್ ಆಫ್ ಆಗಿದ್ದು ಟ್ಯೂಬ್ ಹಾಡುತ್ತಿದ್ದರೆ, ಸಿಗ್ನಲ್ ಅದರ ಔಟ್‌ಪುಟ್‌ನ ರಕ್ಷಣಾ ಡಯೋಡ್‌ಗಳ ಮೂಲಕ ನುಗ್ಗಿ ಒಳಗಿನ ಸಪ್ಲೈ ಕೆಪಾಸಿಟರ್‌ಗಳನ್ನು ಚಾರ್ಜ್ ಮಾಡುತ್ತದೆ. ಆಂಪ್ ಅರ್ಧಂಬರ್ಧ ಎಚ್ಚರಾಗುತ್ತದೆ, ಸದ್ದೂ ಒಡೆಯುತ್ತದೆ.

ಈಗ ಬಹಳ ಮಂದಿ ಎಡವುವ ಮೈನಸ್ ವೈರಿನ ವಿಷಯ. ಪ್ಲಸ್ ಮಾತ್ರ ಬದಲಿಸಿದರೆ ಸಾಕು, ಮೈನಸ್‌ಗಳೆಲ್ಲ ಗ್ರೌಂಡೇ ತಾನೇ ಎಂದುಕೊಳ್ಳಬೇಡಿ. ಬ್ರಿಜ್ ಮಾದರಿಯ (ಸ್ಪೀಕರಿನ ಪ್ಲಸ್, ಮೈನಸ್ ಎರಡನ್ನೂ ನಡೆಸುವ) ಆಂಪ್‌ಗಳಲ್ಲಿ, ಅದರಲ್ಲೂ ಒಂಟಿ ಸಪ್ಲೈ ಮೇಲೆ ನಡೆಯುವ ಸಣ್ಣ ಕ್ಲಾಸ್ ಡಿ (ಸ್ವಿಚಿಂಗ್ ಮಾದರಿಯ) ಆಂಪ್‌ಗಳಲ್ಲಿ, ಸ್ಪೀಕರಿನ ಎರಡೂ ತುದಿಗಳು ಸಪ್ಲೈಯ ಅರ್ಧ ವೋಲ್ಟೇಜಿನಲ್ಲಿ ಕೂತಿರುತ್ತವೆ. 24 ವೋಲ್ಟ್ ಅಡಾಪ್ಟರ್ ಇದ್ದರೆ ಮೈನಸ್‌ನಲ್ಲೂ ಸುಮಾರು 12 ವೋಲ್ಟ್. ಟ್ಯೂಬ್ ಆಂಪ್‌ನ ಮೈನಸ್ ಬಹುತೇಕ ಚಾಸಿಗೆ ಸೇರಿರುತ್ತದೆ. ಎರಡು ಆಂಪ್‌ಗಳ ಚಾಸಿಯೂ ಆರ್‌ಸಿಎ ಕೇಬಲ್ಲಿನ ಹೊರಕವಚದ ಮೂಲಕ ಒಂದಾಗಿರುತ್ತದೆ. ಮೈನಸ್‌ಗಳನ್ನು ಕೂಡಿಸಿದ ಗಳಿಗೆಯೇ ಬ್ರಿಜ್‌ನ ಅರ್ಧ ಭಾಗ ಗ್ರೌಂಡಿಗೆ ಷಾರ್ಟ್. ನಿಮ್ಮ ಟ್ರಾನ್ಸಿಸ್ಟರ್ ಆಂಪ್ ಯಾವ ಜಾತಿಯದು ಎಂದು ತಿಳಿಯಲು ಅದನ್ನು ಸ್ಪೀಕರ್ ಇಲ್ಲದೆ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಆರ್‌ಸಿಎ ಸಾಕೆಟ್ಟಿನ ಹೊರ ರಿಂಗ್‌ನಿಂದ ಸ್ಪೀಕರ್ ಮೈನಸ್‌ಗೆ ಅಳೆಯಿರಿ. ಹಲವು ವೋಲ್ಟ್ ಬಂದರೆ ಬ್ರಿಜ್ ಎಂದು ಖಚಿತ. ಸೊನ್ನೆ ಬಂದಿತೆಂದು ಮಾತ್ರ ನಿಶ್ಚಿಂತರಾಗಬೇಡಿ, ಪ್ಲಸ್-ಮೈನಸ್ ಸಪ್ಲೈ ಇರುವ ಬ್ರಿಜ್ ಆಂಪ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ. ಬ್ರಿಜ್ ಅಲ್ಲದಿದ್ದರೂ ಮೈನಸ್‌ಗಳನ್ನು ಕೂಡಿಸಿದರೆ ಗ್ರೌಂಡ್ ಲೂಪ್ ಆಗಿ ಗುಂಯ್‌ಗುಡುವ ಸಾಧ್ಯತೆ ಇದೆ. ಆದ್ದರಿಂದ ನಾಲ್ಕೂ ವೈರ್ ಬದಲಾಗಬೇಕು: ಎಡದ ಪ್ಲಸ್, ಎಡದ ಮೈನಸ್, ಬಲದ ಪ್ಲಸ್, ಬಲದ ಮೈನಸ್.

ಅಂಗಡಿಯ ಸೆಲೆಕ್ಟರ್ ಡಬ್ಬಿಗಳಲ್ಲಿ ಹೆಚ್ಚಿನವು ಒಂದು ಆಂಪ್‌ನಿಂದ ಎರಡು ಜೋಡಿ ಸ್ಪೀಕರ್ ನಡೆಸಲು ಮಾಡಿದವು. ಅವನ್ನು ತಿರುಗಿಸಿ ಬಳಸಿದರೆ ಎರಡು ಕಡೆ ಸಿಕ್ಕಿಬೀಳುತ್ತೀರಿ. ಒಳಗೆ ಮೈನಸ್‌ಗಳು ಒಂದೇ ಪಟ್ಟಿಗೆ ಬೆಸುಗೆಯಾಗಿರುತ್ತವೆ. ಜತೆಗೆ ಎ, ಬಿ ಎರಡೂ ಗುಂಡಿ ಒಟ್ಟಿಗೆ ಒತ್ತಲು ಬರುತ್ತದೆ. ತಿರುಗಿಸುವ ಸ್ವಿಚ್ ಆದರೆ ಇನ್ನೊಂದು ಪರೀಕ್ಷೆ ಬೇಕು: ಮೀಟರನ್ನು ಬೀಪ್‌ಗೆ ಇಟ್ಟು, ಎರಡು ಆಂಪ್‌ಗಳಿಗೆ ಹೋಗುವ ಪ್ಲಸ್ ತುದಿಗಳಿಗೆ ಮುಟ್ಟಿಸಿ, ಸ್ವಿಚ್ಚನ್ನು ಮೆಲ್ಲಗೆ ತಿರುಗಿಸಿ. ನಡುದಾರಿಯಲ್ಲಿ ಒಮ್ಮೆ ಬೀಪ್ ಬಂದರೂ ಆ ಸ್ವಿಚ್ ಹಳೆಯ ಸಂಪರ್ಕ ಬಿಡುವ ಮೊದಲೇ ಹೊಸದನ್ನು ಹಿಡಿಯುವ ಜಾತಿಯದು. ಪಕ್ಕಕ್ಕಿಡಿ.

ವಾರಕ್ಕೊಮ್ಮೆ ಬದಲಿಸುವುದಾದರೆ ಬನಾನಾ ಪ್ಲಗ್ ಹಾಕಿ ಕೈಯಿಂದಲೇ ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡೂ ಆಂಪ್ ಆಫ್ ಮಾಡಿ, ಟ್ಯೂಬ್ ತಣಿಯಲು ಒಂದು ನಿಮಿಷ ಬಿಟ್ಟು, ಪ್ಲಗ್‌ಗಳನ್ನು ಸ್ಪೀಕರಿನ ತುದಿಯಲ್ಲಲ್ಲ, ಆಂಪ್‌ನ ತುದಿಯಲ್ಲಿ ಕಿತ್ತು ಬದಲಿಸಿ. ಸ್ಪೀಕರ್ ತುದಿಯಲ್ಲಿ ಕಿತ್ತರೆ ಬಿಡುವಾಗಿ ಬಿದ್ದ ಪ್ಲಗ್‌ಗಳು ಒಂದಕ್ಕೊಂದು ತಾಗುತ್ತವೆ, ಅದು ಟ್ರಾನ್ಸಿಸ್ಟರ್ ಆಂಪ್‌ನ ತಲೆಗೇ ಬರುತ್ತದೆ.

ದಿನಾ ಬದಲಿಸುವವರು ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಸಂಪರ್ಕ ಬದಲಿಸುವ ಸ್ವಿಚ್) ಡಬ್ಬಿ ಕಟ್ಟಿಕೊಳ್ಳಿ. ಎರಡು ಪೋಲ್, ಎರಡು ಥ್ರೋ ಇರುವ (ಎರಡು ವೈರನ್ನು ಒಟ್ಟಿಗೆ ಎರಡರಲ್ಲೊಂದು ಕಡೆಗೆ ಸೇರಿಸುವ) 8 ಆಂಪಿಯರ್ ಪವರ್ ರಿಲೇ ನಾಲ್ಕು ಬೇಕು, ಕಾಯಿಲ್ 12 ವೋಲ್ಟ್ ಡಿಸಿ. 8 ಓಮಿನಲ್ಲಿ 100 ವ್ಯಾಟ್ ಎಂದರೆ 3.5 ಆಂಪಿಯರ್, 4 ಓಮಿನಲ್ಲಿ 200 ವ್ಯಾಟ್ ಎಂದರೆ 7 ಆಂಪಿಯರ್, ಹಾಗಾಗಿ 8 ಸಾಕು. ಚಿನ್ನದ ಲೇಪನದ ಸಣ್ಣ ಸಿಗ್ನಲ್ ರಿಲೇ ಈ ಕೆಲಸಕ್ಕೆ ಬಾರದು. ಟ್ಯೂಬ್ ಆಂಪ್‌ನ ಒಂದು ಚಾನೆಲ್‌ನ ಪ್ಲಸ್, ಮೈನಸ್ ಎರಡನ್ನೂ ಒಂದು ರಿಲೇಯ ಎರಡು ಕಾಮನ್ ಪಿನ್‌ಗಳಿಗೆ ಕೊಡಿ. ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಕೂಡಿರುವ ಸಂಪರ್ಕಗಳಿಗೆ ಡಮ್ಮಿ ಲೋಡ್ (ಸ್ಪೀಕರಿನ ಬದಲಿಗೆ ಇಡುವ ರೆಸಿಸ್ಟರ್), ಕರೆಂಟ್ ಬಂದಾಗ ಕೂಡುವ ಸಂಪರ್ಕಗಳಿಗೆ ಸ್ಪೀಕರ್. ಟ್ರಾನ್ಸಿಸ್ಟರ್ ಆಂಪ್‌ನ ಅದೇ ಚಾನೆಲ್ ಇನ್ನೊಂದು ರಿಲೇಯ ಕಾಮನ್‌ಗೆ. ಕರೆಂಟ್ ಇಲ್ಲದಾಗಿನ ಪಿನ್‌ಗಳು ಖಾಲಿ ಇರಲಿ, ಬಂದಾಗಿನವು ಅದೇ ಸ್ಪೀಕರಿಗೆ. ಇನ್ನೊಂದು ಚಾನೆಲ್‌ಗೂ ಹೀಗೆಯೇ. ಕಾಯಿಲ್‌ಗಳನ್ನು ನಡುವೆ ಆಫ್ ಇರುವ ಮೂರು ಸ್ಥಾನದ ಟಾಗಲ್ ಸ್ವಿಚ್‌ನಿಂದ ನಡೆಸಿ: ಒಂದು ಪಕ್ಕ ಟ್ಯೂಬಿನ ಎರಡು ರಿಲೇ, ಇನ್ನೊಂದು ಪಕ್ಕ ಟ್ರಾನ್ಸಿಸ್ಟರಿನ ಎರಡು. ಒಮ್ಮೆಗೆ ಎರಡೇ ರಿಲೇ ಎಳೆಯುವುದರಿಂದ 500 ಮಿಲಿ ಆಂಪಿಯರ್ ಅಡಾಪ್ಟರ್ ಧಾರಾಳ. ಒಳಗಿನ ವೈರಿಂಗ್ 1.5 ಚದರ ಮಿಲಿಮೀಟರ್ ತಾಮ್ರದಲ್ಲಿರಲಿ.

ಈ ಜೋಡಣೆಯ ಗುಣ ಏನೆಂದರೆ ಅಡಾಪ್ಟರ್ ಕೈಕೊಟ್ಟರೂ ಟ್ಯೂಬ್ ಆಂಪ್ ಡಮ್ಮಿ ಲೋಡ್ ಮೇಲೆ ಹೋಗಿ ಕೂರುತ್ತದೆ, ಟ್ರಾನ್ಸಿಸ್ಟರ್ ಆಂಪ್ ಬಿಡುವಾಗಿ ನಿಲ್ಲುತ್ತದೆ. ಎರಡಕ್ಕೂ ಅದೇ ಕ್ಷೇಮ. ಪ್ರತಿ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕುತ್ತೀರಿ, ಹಾಕಬೇಕು ಕೂಡ. ಆದರೆ ಆ ಡಯೋಡ್‌ನಿಂದ ರಿಲೇ ಬಿಡುವುದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಸ್ವಿಚ್ಚನ್ನು ಒಂದೇ ಏಟಿಗೆ ಈಚೆಯಿಂದ ಆಚೆಗೆ ತಳ್ಳದೆ ನಡುವೆ ಒಂದು ಸೆಕೆಂಡ್ ನಿಲ್ಲಿಸಿ. ಜೋರಾಗಿ ಹಾಡುತ್ತಿರುವಾಗ ಬದಲಿಸಲೂ ಬೇಡಿ. ಕಿಡಿಯಿಂದ ಸಂಪರ್ಕ ಅಂಟಿಕೊಂಡರೆ, ಮುಂದಿನ ಸಲ ಎರಡು ಆಂಪ್ ಒಂದಕ್ಕೊಂದು ಕೂಡಿಬಿಡುತ್ತವೆ.

ಡಮ್ಮಿ ಲೋಡ್ ಎಂದರೆ ಚಾನೆಲ್‌ಗೊಂದು 8 ಓಮ್ ವೈರ್‌ವೌಂಡ್ ರೆಸಿಸ್ಟರ್, ಅಲ್ಯೂಮಿನಿಯಂ ಕವಚದ್ದು. ವ್ಯಾಟ್ ಲೆಕ್ಕದಲ್ಲಿ ಆಂಪ್‌ನ ಎರಡರಷ್ಟಾದರೂ ಇರಲಿ: 20 ವ್ಯಾಟ್ ಆಂಪ್‌ಗೆ 50 ವ್ಯಾಟಿನದು. ಆ 50 ವ್ಯಾಟ್ ಎಂಬುದು ಹೀಟ್‌ಸಿಂಕ್‌ಗೆ ಬಿಗಿದಾಗಿನ ಮಾತು. ಬರಿಗಾಳಿಯಲ್ಲಿ ಅದರ ಅರ್ಧವನ್ನೂ ತಾಳುವುದಿಲ್ಲ. ನಡುವೆ ಥರ್ಮಲ್ ಪೇಸ್ಟ್ ಹಚ್ಚಿ, ಡಬ್ಬಿಗೆ ಗಾಳಿ ಕಿಂಡಿ ಕೊರೆಯಿರಿ. ಆಂಪ್‌ನ 4 ಓಮ್ ಟ್ಯಾಪ್ (4 ಓಮ್ ಸ್ಪೀಕರಿಗೆಂದು ಇರುವ ಟರ್ಮಿನಲ್) ಬಳಸುವವರು 4 ಓಮ್ ರೆಸಿಸ್ಟರ್ ಹಾಕಬೇಕು. 4, 8 ಎರಡೂ ಟ್ಯಾಪ್‌ಗೆ ಒಟ್ಟಿಗೆ ಏನನ್ನೂ ಕೊಡಬಾರದು.

ಇದರ ಮೇಲೆ ಇನ್ನೊಂದು ಚಿಕ್ಕ ಭಾಗ, ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದದ್ದು: 220 ಓಮ್, 5 ವ್ಯಾಟ್ ರೆಸಿಸ್ಟರ್. ಇದನ್ನು ಟ್ಯೂಬ್ ಆಂಪ್‌ನ ಟರ್ಮಿನಲ್‌ಗಳಿಗೇ, ಪ್ರತಿ ಚಾನೆಲ್‌ನಲ್ಲೂ, ಶಾಶ್ವತವಾಗಿ ಅಡ್ಡ ಹಾಕಿಬಿಡಿ. ರಿಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಕೆಲವು ಮಿಲಿಸೆಕೆಂಡಿನಲ್ಲಿ, ಅಥವಾ ಯಾರಾದರೂ ವೈರ್ ಎಡವಿ ಕಿತ್ತಾಗ, ಆಂಪ್ ಪೂರಾ ಬರಿದಾಗದಂತೆ ಇದು ಕಾಯುತ್ತದೆ. 20 ವ್ಯಾಟ್ ಆಂಪ್ 8 ಓಮಿನಲ್ಲಿ ಕೊಡುವುದು 12.6 ವೋಲ್ಟ್, ಇದರಲ್ಲಿ ವ್ಯಯವಾಗುವುದು 0.75 ವ್ಯಾಟಿಗೂ ಕಡಿಮೆ. ಸದ್ದಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಆಂಪ್ ಜೋಡಿಸುವ ಮೊದಲು ಬರೀ ಡಬ್ಬಿಯನ್ನು ಓಮ್ ಮೀಟರ್‌ನಲ್ಲಿ ಪರೀಕ್ಷಿಸಿ, ಸ್ಪೀಕರನ್ನೂ ಸೇರಿಸಬೇಡಿ. ಟ್ಯೂಬ್ ಪ್ಲಸ್‌ನಿಂದ ಟ್ರಾನ್ಸಿಸ್ಟರ್ ಪ್ಲಸ್‌ಗೆ, ಟ್ಯೂಬ್ ಮೈನಸ್‌ನಿಂದ ಟ್ರಾನ್ಸಿಸ್ಟರ್ ಮೈನಸ್‌ಗೆ ಮೂರೂ ಸ್ಥಾನಗಳಲ್ಲಿ ಓಪನ್ ಬರಬೇಕು. ಎಡ, ಬಲ ಚಾನೆಲ್‌ಗಳ ನಡುವೆಯೂ ಹಾಗೆಯೇ. ಟ್ಯೂಬ್ ಪ್ಲಸ್-ಮೈನಸ್ ನಡುವೆ ನಡುಸ್ಥಾನದಲ್ಲೂ ಟ್ರಾನ್ಸಿಸ್ಟರ್ ಸ್ಥಾನದಲ್ಲೂ 8 ಓಮ್, ಟ್ಯೂಬ್ ಸ್ಥಾನದಲ್ಲಿ ಓಪನ್. ಟ್ರಾನ್ಸಿಸ್ಟರ್ ಪ್ಲಸ್-ಮೈನಸ್ ನಡುವೆ ಎಲ್ಲ ಸ್ಥಾನದಲ್ಲೂ ಓಪನ್. ಒಂದು ತಪ್ಪಿದರೂ ಮುಂದೆ ಹೋಗಬೇಡಿ.

ಬಳಸುವಾಗ ಸ್ವಿಚ್ ನಡುವೆ ಇಟ್ಟೇ ಆಂಪ್ ಆನ್ ಮಾಡಿ. ಟ್ರಾನ್ಸಿಸ್ಟರ್ ಆಂಪ್ ಆನ್ ಆಗುವಾಗಿನ 'ಧಪ್' ಸದ್ದು ಇದರಿಂದ ಸ್ಪೀಕರಿಗೆ ತಲುಪುವುದಿಲ್ಲ, ಟ್ಯೂಬ್ ಕೂಡ ಡಮ್ಮಿ ಮೇಲೆ ನೆಮ್ಮದಿಯಾಗಿ ಕಾಯುತ್ತದೆ. ಡಮ್ಮಿ ಇದೆಯೆಂದು ಟ್ಯೂಬ್ ಆಂಪನ್ನು ದಿನವಿಡೀ ಉರಿಸಬೇಡಿ. ಔಟ್‌ಪುಟ್ ಟ್ಯೂಬ್‌ಗಳ ಆಯುಸ್ಸು ಕೆಲವು ಸಾವಿರ ಗಂಟೆ ಮಾತ್ರ, ಸುಮ್ಮನೆ ಕೂತಾಗಲೂ ಅದು ಸವೆಯುತ್ತದೆ.

ಇನ್‌ಪುಟ್ ಕಡೆ ವೈ ಕೇಬಲ್ ಹಾಕಿ ಎರಡಕ್ಕೂ ಸಿಗ್ನಲ್ ಹಂಚುವ ಯೋಚನೆ ಇದ್ದರೆ ಪ್ರಿಆಂಪ್ (ಆಂಪ್‌ಗೆ ಸಿಗ್ನಲ್ ಕಳಿಸುವ ಮುಂಚಿನ ಹಂತ) ಯಾವುದೆಂದು ನೋಡಿ. ಟ್ಯೂಬ್ ಪ್ರಿಆಂಪ್‌ನ ಔಟ್‌ಪುಟ್ ಕೆಪಾಸಿಟರ್ 0.47 ಮೈಕ್ರೊಫ್ಯಾರಡ್ ಇದ್ದು, ಟ್ರಾನ್ಸಿಸ್ಟರ್ ಆಂಪ್‌ನ ಇನ್‌ಪುಟ್ 10 ಕಿಲೋ ಓಮ್ ಆದರೆ ಎರಡೂ ಸೇರಿ ಸುಮಾರು 37 ಹರ್ಟ್ಜ್‌ಗೇ 3 ಡೆಸಿಬಲ್ ಇಳಿದಿರುತ್ತದೆ. ಟ್ಯೂಬ್ ಆಂಪ್‌ನ 100 ಕಿಲೋ ಓಮ್ ಒಂದೇ ಇದ್ದಿದ್ದರೆ ಅದು 3.4 ಹರ್ಟ್ಜ್. ಸಾಲದ್ದಕ್ಕೆ, ಆಫ್ ಆಗಿರುವ ಕೆಲವು ಟ್ರಾನ್ಸಿಸ್ಟರ್ ಆಂಪ್‌ಗಳ ಇನ್‌ಪುಟ್ ಸಿಗ್ನಲ್ಲನ್ನೇ ಕತ್ತರಿಸಿ ವಿಕಾರ ಮಾಡುತ್ತದೆ. ಇನ್‌ಪುಟ್‌ಗೂ ಒಂದು ಸ್ವಿಚ್ ಇಡುವುದು ಲೇಸು.

ಎರಡರ ನಾದವನ್ನು ಹೋಲಿಸುವುದೇ ಉದ್ದೇಶವಾದರೆ ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. 400 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ಸೇರಿರುವಾಗಲೇ ಅದರ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ಒಂದರಲ್ಲಿ 1.00 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 0.99ರಿಂದ 1.01ರ ಒಳಗೆ ತನ್ನಿ, ಅದು 0.1 ಡೆಸಿಬಲ್ ಒಳಗೇ ಬರುತ್ತದೆ. ಇಷ್ಟಾದರೂ ವ್ಯತ್ಯಾಸ ಕೇಳಿಸುತ್ತದೆ, ಅದಕ್ಕೆ ಕಾರಣವೂ ಇದೆ. ಟ್ಯೂಬ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಎಂದುಕೊಳ್ಳಿ. ಸ್ಪೀಕರ್ ಒಂದು ಸ್ವರದಲ್ಲಿ 4 ಓಮ್, ಬಾಸ್ ಅನುರಣನದಲ್ಲಿ 30 ಓಮ್ ಇದ್ದರೆ ಎರಡು ಕಡೆಯ ಮಟ್ಟದಲ್ಲಿ ಸುಮಾರು 3 ಡೆಸಿಬಲ್ ಅಂತರ ಬೀಳುತ್ತದೆ. 0.05 ಓಮಿನ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದೇ ಅಂತರ 0.1 ಡೆಸಿಬಲ್ ಕೂಡ ಇಲ್ಲ. ಟ್ಯೂಬಿನಲ್ಲಿ ಬಾಸ್ ತುಂಬಿಕೊಂಡಂತೆ ಕೇಳಿದರೆ ಅದರಲ್ಲಿ ದೊಡ್ಡ ಪಾಲು ಇದರದ್ದೇ. 4 ಓಮ್ ಟ್ಯಾಪ್‌ಗೆ ಬದಲಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ಸುಮಾರು ಅರ್ಧಕ್ಕಿಳಿಯುತ್ತದೆ. ಹಾಗೆ ಮಾಡುವುದಾದರೆ ಡಮ್ಮಿಯನ್ನೂ 4 ಓಮಿಗೆ ಬದಲಿಸಿ, ಮಟ್ಟವನ್ನು ಮತ್ತೆ ಅಳೆದು, ಎರಡೂ ವಾಲ್ಯೂಮ್ ಗುಂಡಿಗಳ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಹಾಕಿಕೊಳ್ಳಿ.