ಎಂಜೈಮ್ ಒಂದಿದ್ರೆ ಸಾಕಾ?
ಸರ್, ಕೊಬ್ಬು ಒಡೆಯೋಕೆ ಎಂಜೈಮ್ ಇದೆಯಲ್ಲ, ರಕ್ತದ ಪ್ರೋಟೀನ್ ಯಾಕೆ ಬೇಕು ಅಂತ ಕೇಳಿದ್ದೀರಿ. ನಾನು ರಾಯಚೂರಿನ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ವಗ್ಗರಣಿ, ಮಿರ್ಚಿ ತಿಂದು ಬಂದವರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕೆಲವೊಮ್ಮೆ ಮಜ್ಜಿಗೆ ನೀರಿನಂತೆ ಮಬ್ಬಾಗಿರುತ್ತದೆ. ಅದು ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣಗಳಿಂದ. ಅವುಗಳ ಕೊಬ್ಬು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಎಂಜೈಮ್ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಆದರೆ ಕಣದ ಮೈಮೇಲೆ ಅಪೋ ಸಿ-2 ಎಂಬ ರಕ್ತದ ಪ್ರೋಟೀನ್ ಇದ್ದರೇನೇ ಆ ಎಂಜೈಮ್ ಚುರುಕಾಗುವುದು. ಬರೀ 79 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು! ‘ಒಳ್ಳೆ ಕೊಲೆಸ್ಟ್ರಾಲ್’ ಅಂತ ಕರೆಯೋ ಎಚ್‌ಡಿಎಲ್ ಕಣಗಳು ಅದನ್ನು ಕೈಗಡ ಕೊಟ್ಟಂತೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುತ್ತವೆ. ಅಪೋ ಸಿ-3 ಎಂಬ ಇನ್ನೊಂದು ಪ್ರೋಟೀನ್ ಇದಕ್ಕೆ ಉಲ್ಟಾ, ಎಂಜೈಮ್‌ಗೆ ತಡೆ ಹಾಕುತ್ತದೆ. ಹುಟ್ಟಿನಿಂದಲೇ ಸಿ-2 ಇಲ್ಲದವರಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ವಿಪರೀತ ಏರಿ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ನಿಮ್ಮ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 500 mg/dL ದಾಟಿದ್ದರೆ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.