ಹಂಬನ್‌ತೋಟದ ಗುತ್ತಿಗೆಯಿಂದ ಮುಂಬೈಗೇನು?

ಶ್ರೀಲಂಕಾದ ಹಂಬನ್‌ತೋಟ ಬಂದರು ಚೀನಾ ಕೈಗೆ ಹೋದರೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕೂತ ನಮಗೇನು ಅಂತ ಕೇಳಿದ್ದೀರಿ. ಇಲ್ಲೇ ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಕಾಗದಪತ್ರ ನೋಡುವವನು ನಾನು, ತಿಳಿದಷ್ಟು ಹೇಳುತ್ತೇನೆ.

2017ರಲ್ಲಿ ಶ್ರೀಲಂಕಾ ಆ ಬಂದರನ್ನು 99 ವರ್ಷಕ್ಕೆ ಚೀನಾ ಕಂಪನಿಗೆ ಕೊಟ್ಟಿತು. ಹೆಸರಿಗೆ ವ್ಯಾಪಾರದ ಬಂದರು. ಆದರೆ 2022ರ ಆಗಸ್ಟ್‌ನಲ್ಲಿ ಚೀನಾದ ಯುವಾನ್ ವಾಂಗ್ 5 ಅಲ್ಲಿಗೇ ಬಂದು ನಿಂತಿತು. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಹಡಗು ಅದು, ಮೇಲೆಲ್ಲಾ ದೊಡ್ಡ ದೊಡ್ಡ ಡಿಶ್‌ಗಳು. ನಮ್ಮ ಸರ್ಕಾರಕ್ಕೆ ತಲೆಬಿಸಿ ಆಗದೇ ಇರುತ್ತಾ?

ಹಾಗಂತ ನಾಳೆಯೇ ಯುದ್ಧ ಅಂತ ವಾಟ್ಸಾಪ್‌ನಲ್ಲಿ ಕೂಗೋದು ಸುಮ್ನೆ.

ನಿಜ ಹೇಳಬೇಕೆಂದರೆ ಮುಂಬೈನವರು ಹಂಬನ್‌ತೋಟಕ್ಕಿಂತ ಜಾಸ್ತಿ ಗಮನ ಇಡಬೇಕಾದ್ದು ಪಾಕಿಸ್ತಾನದ ಗ್ವಾದರ್ ಬಂದರಿನ ಮೇಲೆ. ಅದನ್ನೂ ನಡೆಸೋದು ಚೀನಾ ಕಂಪನಿಯೇ. ನಮಗೆ ಕೊಲ್ಲಿಯಿಂದ ಕಚ್ಚಾ ತೈಲ ತರುವ ಟ್ಯಾಂಕರ್‌ಗಳು ಹೊರ್ಮುಜ್ ಜಲಸಂಧಿ ದಾಟಿ ಬರೋದು ಆ ಕಡೆಯಿಂದಲೇ ಅಲ್ವಾ?